ಇಟ್ಟಿಗೆಯ ಹಿಂದೆ ಗಾಳಿ ಓಡಬೇಕು

ಪ್ರಶ್ನೆ: ನಾವು ಅಮೆರಿಕದ ವರ್ಮಾಂಟ್‌ನಲ್ಲಿ ಹಳೇ ಮನೆ ಕೊಂಡಿದ್ದೇವೆ. ಹಾಲ್‌ನಲ್ಲಿ ಬೀಡುಕಬ್ಬಿಣದ ವುಡ್ ಸ್ಟೋವ್ ಇದೆ. ಗೋಡೆಯಿಂದ ಎಷ್ಟು ದೂರ ಇಡಬೇಕು ಎಂದು ಹೇಳುವ ಯಾವ ಲೇಬಲ್ಲೂ ಅದರ ಮೇಲೆ ಇಲ್ಲ. ಗೋಡೆಗೂ ಅದಕ್ಕೂ ಒಂದೂವರೆ ಅಡಿ ಅಂತರ. ಉರಿಸಿದಾಗ ಗೋಡೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಜಿಪ್ಸಮ್ ಬೋರ್ಡ್ ಮೇಲೇ ತೆಳು ಇಟ್ಟಿಗೆ ಬಿಲ್ಲೆ ಅಂಟಿಸಿದರೆ ಸಾಕಾ? ಸಾಗರದ ನಮ್ಮ ಮನೆಯಲ್ಲಿ ಬಚ್ಚಲೊಲೆ ಗೋಡೆಗೆ ಒತ್ತಿಕೊಂಡೇ ಇತ್ತು, ಏನೂ ಆಗಿರಲಿಲ್ಲ.

ಉತ್ತರ: ಸಾಲದು. ಗೋಡೆ ಸರಿಯಾಗುವ ತನಕ ದಯವಿಟ್ಟು ಆ ಒಲೆ ಹಚ್ಚಲೇಬೇಡಿ.

ಊರಿನ ಬಚ್ಚಲ ಗೋಡೆ ಪೂರ್ತಿ ಮಣ್ಣು, ಕಲ್ಲು. ಹೊತ್ತಿಕೊಳ್ಳುವಂಥದ್ದು ಅದರಲ್ಲಿ ಏನಿದೆ? ಈಗಿನ ಮನೆಯ ಗೋಡೆ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಕಾಗದ ಹೊದ್ದ ಬೋರ್ಡು, ಅದರ ಹಿಂದೆ ಮರದ ಚೌಕಟ್ಟು. ಹೊಸ ಮರ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾವು ಬೇಕು. ಆದರೆ ವರ್ಷಗಟ್ಟಲೆ ಕಾದು ಕಾದು ಒಣಗಿ ಕಪ್ಪಾದ ಮರಕ್ಕೆ ಅಷ್ಟೆಲ್ಲ ಬೇಡ. ಅಂಟಿಸಿದ ಇಟ್ಟಿಗೆ ಆ ಕಾವನ್ನು ತಡೆಯುವುದಿಲ್ಲ, ಸ್ವಲ್ಪ ತಡವಾಗಿ ದಾಟಿಸುತ್ತದೆ ಅಷ್ಟೆ.

ಲೇಬಲ್ ಇಲ್ಲದ ಒಲೆಗೂ ಹೊತ್ತಿಕೊಳ್ಳುವಂಥ ಗೋಡೆಗೂ ನಡುವೆ ಅಮೆರಿಕದ ಬೆಂಕಿ ಸುರಕ್ಷತೆಯ ಸಂಸ್ಥೆ ಎನ್‌ಎಫ್‌ಪಿಎಯ 211ನೇ ನಿಯಮ ಹೇಳುವ ಅಂತರ 36 ಇಂಚು. ಮೂರೂವರೆ ಇಂಚು ದಪ್ಪದ ಇಟ್ಟಿಗೆ ಗೋಡೆಯನ್ನು ಹಿಂದೆ ಗಾಳಿಗೆ ಜಾಗ ಬಿಡದೆ ಕಟ್ಟಿದರೆ 24 ಇಂಚು ಬೇಕು. ಅದೇ ಗೋಡೆಯನ್ನು 1 ಇಂಚು ಸಂದು ಬಿಟ್ಟು ಕಟ್ಟಿದರೆ 12 ಇಂಚು ಸಾಕು. ಇಟ್ಟಿಗೆ ಅದೇ, ವ್ಯತ್ಯಾಸ ಮಾಡಿದ್ದು ಗಾಳಿ. ಕೆಳಗಿನಿಂದ ತಣ್ಣನೆ ಗಾಳಿ ಒಳಹೊಕ್ಕು, ಬಿಸಿಯಾಗಿ ಮೇಲಿಂದ ಹೊರಬೀಳುತ್ತದೆ. ಕಾವು ಮರ ಮುಟ್ಟುವ ಮೊದಲೇ ಹೊರಟುಹೋಗುತ್ತದೆ. ಈ 12 ಇಂಚನ್ನು ಅಳೆಯುವುದು ಇಟ್ಟಿಗೆಯಿಂದಲ್ಲ, ಹಿಂದಿನ ಬೋರ್ಡಿನಿಂದ. ಸಂದು, ಇಟ್ಟಿಗೆ ಸೇರಿ ನಾಲ್ಕೂವರೆ ಇಂಚು ಹೋದರೆ, ಒಲೆಗೂ ಇಟ್ಟಿಗೆಗೂ ನಡುವೆ ಏಳೂವರೆ ಇಂಚು ಉಳಿಯುತ್ತದೆ.

ಕೆಳಗಿನ ವರಸೆಯಲ್ಲಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಕಿಂಡಿ ಮಾಡಿ, ಮೇಲೆ ಬಾಯಿ ತೆರೆದಿರಲಿ. ಗೋಡೆಯನ್ನು ಹಿಂದಿನ ಮರದ ಚೌಕಟ್ಟಿಗೆ ಲೋಹದ ಪಟ್ಟಿಯಿಂದ ಕಟ್ಟಿ, ಆದರೆ ಒಲೆಯ ನೇರ ಹಿಂದೆ ಒಂದೂ ಪಟ್ಟಿ ಬೇಡ. ಕೆಲಸ ಕೆಡುವುದು ಇಲ್ಲೇ: ಕರಣಿಯಿಂದ ಜಾರಿದ ಗಾರೆ ಸಂದಿನೊಳಗೆ ಬಿದ್ದು ಬೋರ್ಡಿಗೆ ಕಚ್ಚಿಕೊಳ್ಳುತ್ತದೆ. ಹೊರಗಿಂದ ಕಾಣುವುದೂ ಇಲ್ಲ. ಒಂದಿಂಚಿಗಿಂತ ಚೂರು ತೆಳುವಾದ ಮರದ ರೀಪರ್‌ಗೆ ಎರಡೂ ತುದಿಯಲ್ಲಿ ದಾರ ಕಟ್ಟಿ ಸಂದಿನಲ್ಲಿ ಇಳಿಬಿಡಿ. ಎರಡು ಮೂರು ವರಸೆಗೊಮ್ಮೆ ಮೇಲೆತ್ತಿ, ಬಿದ್ದ ಗಾರೆ ಕೆರೆದು ಮತ್ತೆ ಇಳಿಸಿ. ಬೇಜಾರಿನ ಕೆಲಸ ನಿಜ, ಬಿಡಬೇಡಿ.

ಭಾರವನ್ನೂ ಮರೆಯಬೇಡಿ. ಐದು ಅಡಿ ಅಗಲ, ಆರು ಅಡಿ ಎತ್ತರದ ಗೋಡೆ ಎಂದರೆ ಅರ್ಧ ಟನ್ನಿಗೂ ಜಾಸ್ತಿ. ಮರದ ನೆಲ ಸುಮ್ನೆ ತಡೆದುಕೊಳ್ಳುತ್ತದೆ ಎಂದುಕೊಳ್ಳಬೇಡಿ, ಕೆಳಗೆ ಆಸರೆ ಕೊಡಿಸಿ. ಒಲೆಯ ಹೊಗೆ ಕೊಳವೆಗೆ ಬೇರೆ ಲೆಕ್ಕವಿದೆ: ಅದು ಒಂದೇ ಪದರದ್ದಾದರೆ ಹೊತ್ತಿಕೊಳ್ಳುವಂಥ ಗೋಡೆಯಿಂದ 18 ಇಂಚು ದೂರವಿರಬೇಕು. ಇಟ್ಟಿಗೆ ತರಿಸುವ ಮೊದಲೇ ನಿಮ್ಮ ಟೌನ್‌ನ ತಪಾಸಣೆಯವರಿಗೂ ವಿಮೆಯವರಿಗೂ ನಕ್ಷೆ ತೋರಿಸಿ.

ಗಾರೆ ಪೂರ್ತಿ ಒಣಗಿ, ತಪಾಸಣೆ ಮುಗಿದ ಮೇಲೆ ಸಣ್ಣ ಉರಿ ಹಾಕಿ. ಇಟ್ಟಿಗೆ ಬೆಚ್ಚಗಾದಾಗ ಕೆಳಗಿನ ಕಿಂಡಿಯ ಹತ್ತಿರ ಒಂದು ಊದಿನಕಡ್ಡಿ ಹಿಡಿಯಿರಿ. ಹೊಗೆ ಬಾಗಿ ಒಳಕ್ಕೆ ಹೋದರೆ ಗಾಳಿ ಓಡುತ್ತಿದೆ. ನೆಟ್ಟಗೆ ಮೇಲೇರಿದರೆ ಸಂದು ಎಲ್ಲೋ ಕಟ್ಟಿಕೊಂಡಿದೆ. ಆಗ ಉರಿ ಆರಿಸಿ, ಎಲ್ಲಿ ಎಂದು ಹುಡುಕಿ.