ಆಪ್ತಸಲಹೆ ಪ್ರಕರಣ: ‘ಎಂಟೂವರೆ ಗಂಡ’

(ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಸುಮಾಗೆ 27 ವರ್ಷ. ಬಿ.ಕಾಂ. ಓದಿ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಕರೆತಂದವರು ತಾಯಿ. ಹದಿನಾಲ್ಕು ತಿಂಗಳಲ್ಲಿ ಬಂದ ಆರು ಸಂಬಂಧಗಳನ್ನೂ ಮಗಳು ಬೇಡ ಅಂದಿದ್ದಳು. ಕೇಳಿದರೆ “ಏನೋ ಸರಿ ಅನ್ನಿಸ್ತಿಲ್ಲ” ಎಂಬ ಉತ್ತರ. ಮನೆಯವರು ಮಾತ್ರ ಕಾರಣ ತಮಗೆ ಗೊತ್ತು ಅಂದುಕೊಂಡಿದ್ದರು: ರಾತ್ರಿ ಎಂಟೂವರೆಯ ಧಾರಾವಾಹಿಯ ನಾಯಕ. ಚಿಕ್ಕಪ್ಪನ ಮಕ್ಕಳು ಅವನಿಗೆ ‘ಎಂಟೂವರೆ ಗಂಡ’ ಅಂತ ಹೆಸರಿಟ್ಟಿದ್ದರು. ಅಣ್ಣ ಒಮ್ಮೆ ಅವಳ ಫೋನಿನಿಂದ ಆ್ಯಪನ್ನೇ ಅಳಿಸಿದ್ದ. ಅದರಿಂದ ಆದದ್ದು ಇಷ್ಟೇ, ನೋಡುವುದು ನಡುಮನೆಯಿಂದ ಹೊದಿಕೆಯೊಳಕ್ಕೆ ಹೋಯಿತು.

ಮೊದಲ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಕೇಳಿದ ಪ್ರಶ್ನೆ: “ಆ ನಟನೇ ಬಂದು ಮದುವೆಯಾಗು ಅಂದರೆ?” ಸುಮಾ ನಕ್ಕಳು. “ಅಯ್ಯೋ, ಅವರು ಯಾರೋ. ನಂಗಿಷ್ಟ ಆಗಿರೋದು ಇವನು.” ನಟ ಬೇರೆ, ಪಾತ್ರ ಬೇರೆ ಎಂಬ ಅರಿವು ಗಟ್ಟಿಯಾಗಿತ್ತು ಅನ್ನುವುದಕ್ಕೆ ಆ ಉತ್ತರ ಸಾಕು. ಇದರ ಬದಲು ‘ಡೈಲಾಗಿನಲ್ಲಿ ನನಗೇ ಸಂದೇಶ ಕೊಡ್ತಾನೆ’ ಎಂದು ಯಾರಾದರೂ ನಂಬಿ ಹೇಳಿದರೆ, ಅಥವಾ ನಟನ ಮನೆ ಹುಡುಕಿಕೊಂಡು ಹೊರಟಿದ್ದರೆ, ಅದು ಆಪ್ತಸಲಹೆಯ ಕೆಲಸವಲ್ಲ. ಅದೇ ವಾರ ಮನೋವೈದ್ಯರನ್ನು ಕಾಣಬೇಕು.

ತೆರೆಯ ಮೇಲಿನವರ ಜೊತೆ ಬೆಳೆಯುವ ಇಂಥ ಒಮ್ಮುಖದ ನಂಟನ್ನು 1956ರಲ್ಲೇ ಹಾರ್ಟನ್ ಮತ್ತು ವೋಲ್ ಎಂಬಿಬ್ಬರು ಸಂಶೋಧಕರು ‘ಪ್ಯಾರಾಸೋಶಿಯಲ್’ ಎಂದು ಕರೆದು ವಿವರಿಸಿದ್ದರು. ಅಂಥ ನಂಟಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ತೊಡಕು ಹಂಬಲದ ಕಡೆಯಿಂದ ಬರುತ್ತದೆ. ಹಂಬಲಕ್ಕೆ ಸಿಕ್ಕೀತು ಎಂಬ ಭರವಸೆಯೂ ಬೇಕು, ಸಿಗುತ್ತದೋ ಇಲ್ಲವೋ ಎಂಬ ಅನುಮಾನವೂ ಬೇಕು. ಎರಡರಲ್ಲಿ ಒಂದು ಮುಗಿದರೂ ಅದು ಆರುತ್ತದೆ. ಧಾರಾವಾಹಿ ಎರಡನ್ನೂ ಆರಲು ಬಿಡುವುದಿಲ್ಲ. ಇನ್ನೇನು ಹೇಳಿಬಿಡುತ್ತಾನೆ ಅನ್ನುವಾಗ ಯಾರೋ ಬಾಗಿಲು ತಟ್ಟುತ್ತಾರೆ, ಉಳಿದದ್ದು ನಾಳೆ. ನಾಳೆ ಬರುವುದು ಇನ್ನೊಂದು ಬಾಗಿಲು.

ಸಲಹೆ ಕೊಡುವ ಮುಂಚೆ ಹದಿನಾಲ್ಕು ದಿನದ ಲೆಕ್ಕ ಬರೆಸಲಾಯಿತು. ನಾಲ್ಕು ಕಲಂ: ಹೊತ್ತು, ನೋಡಿದ್ದು ಅಥವಾ ಕಲ್ಪಿಸಿಕೊಂಡದ್ದು, ಎಷ್ಟು ನಿಮಿಷ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಲೆಕ್ಕದ ಹುಡುಗಿ, ಅಚ್ಚುಕಟ್ಟಾಗಿ ಬರೆದು ತಂದಳು. ದಿನದ ಸರಾಸರಿಯಲ್ಲಿ ಧಾರಾವಾಹಿ 22 ನಿಮಿಷ, ಅಭಿಮಾನಿಗಳು ಹಾಡು ಸೇರಿಸಿ ಕತ್ತರಿಸಿದ ತುಣುಕುಗಳು 70, ಬಸ್ಸಿನಲ್ಲಿ ಮತ್ತು ಹಾಸಿಗೆಯಲ್ಲಿ ತಾನೇ ಮುಂದುವರಿಸಿಕೊಳ್ಳುತ್ತಿದ್ದ ಕಥೆ 110. ಮನೆಯವರು ಜಗಳವಾಡುತ್ತಿದ್ದದ್ದು ಆ 22 ನಿಮಿಷದ ಮೇಲೆ. ನಿದ್ದೆ ಬರುವಾಗ ಒಂದೂವರೆ ದಾಟುತ್ತಿತ್ತು, ಏಳುವುದು ಆರಕ್ಕೆ.

ನಾಲ್ಕನೇ ಕಲಂ ಇನ್ನೂ ಹೆಚ್ಚು ಹೇಳಿತು. ಆಕೆ ಮತ್ತೆ ಮತ್ತೆ ನೋಡುತ್ತಿದ್ದದ್ದು ಪ್ರೇಮದ ದೃಶ್ಯವಲ್ಲ. ಊಟದ ಮೇಜಿನಲ್ಲಿ ತಾಯಿ ಹೆಂಡತಿಯನ್ನು ಹೀಯಾಳಿಸಿದಾಗ ನಾಯಕ ತಟ್ಟೆ ಸರಿಸಿ, “ಅಮ್ಮ, ಅವಳು ಹೇಳಿದ್ದರಲ್ಲಿ ತಪ್ಪೇನಿದೆ?” ಅನ್ನುವ ಎರಡು ನಿಮಿಷ. ನೋಡಿದ ಹೊತ್ತುಗಳೆಲ್ಲ ಅಮ್ಮನ ಮೇಲೆ ಅಪ್ಪ ರೇಗಿದ ಸಂಜೆಗಳು. ಯಾರ ಪ್ರಕರಣದಲ್ಲೂ ಕೇಳಬೇಕಾದ ಪ್ರಶ್ನೆ ‘ಯಾರನ್ನು ನೋಡ್ತೀರಿ’ ಅಲ್ಲ, ‘ಯಾವ ದೃಶ್ಯವನ್ನು ಹಿಂದಕ್ಕೆ ಎಳೆದು ನೋಡ್ತೀರಿ’ ಎಂಬುದು.

ಧಾರಾವಾಹಿ ಬಿಡು ಅಂತ ಹೇಳಲಿಲ್ಲ. ಟಿವಿಯಲ್ಲೇ, ಅಮ್ಮನ ಪಕ್ಕ ಕೂತು, ಒಂದೇ ಸಲ ನೋಡುವುದು. ‘ನಾಳೆಯ ಸಂಚಿಕೆಯಲ್ಲಿ’ ಶುರುವಾಗುವ ಮೊದಲೇ ಎದ್ದುಬಿಡುವುದು. ಕೊಕ್ಕೆ ಇರುವುದು ಆ ಅರ್ಧ ನಿಮಿಷದಲ್ಲಿ. ತುಣುಕು ಹಾಕುವ ಪುಟಗಳನ್ನು ಒಂದೇ ದಿನ ಬಿಡದೆ ವಾರಕ್ಕೆ ಮೂರರಂತೆ ಬಿಡಿಸಲಾಯಿತು, ಏಕೆಂದರೆ ಒಮ್ಮೆಲೇ ಬಿಟ್ಟವರು ಒಮ್ಮೆಲೇ ಮರಳುವುದುಂಟು. ಬಸ್ಸಿನಲ್ಲಿ ಇಯರ್‌ಫೋನ್ ಚೀಲದ ತಳಕ್ಕೆ. ಹಗಲುಗನಸಿಗೆ ಹಾಡು ಬೆಂಕಿಗೆ ಎಣ್ಣೆ ಇದ್ದ ಹಾಗೆ. ಕಲ್ಪನೆಯನ್ನು ಒತ್ತಿಹಿಡಿಯುವ ಬದಲು ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಹಾಸಿಗೆಯಲ್ಲಿ ಕೂಡದು. ಮನಸ್ಸಿನಲ್ಲಿ ನಡೆಸುವ ಕಥೆಗೆ ಕೊನೆ ಎಂಬುದಿಲ್ಲ, ಕೈಯಲ್ಲಿ ಬರೆಯುವುದು ಎರಡು ಪುಟಕ್ಕೆ ಬೆರಳು ನೋಯಿಸುತ್ತದೆ. ಫೋನ್ ರಾತ್ರಿ ಹತ್ತೂವರೆಗೆ ಅಡುಗೆಮನೆಯಲ್ಲಿ ಚಾರ್ಜಿಗೆ.

ತಾಯಿಗೆ ಬೇರೆಯಾಗಿ ಹೇಳಿದ್ದು: ‘ಎಂಟೂವರೆ ಗಂಡ’ ಮಾತು ಇಂದಿಗೇ ನಿಲ್ಲಬೇಕು, ಮೂರು ತಿಂಗಳು ಹೊಸ ಜಾತಕ ತರಬಾರದು. ಮೊದಲನೆಯದಕ್ಕೆ ತಕ್ಷಣ ಒಪ್ಪಿದರು. ಎರಡನೆಯದಕ್ಕೆ ಎರಡು ಭೇಟಿ ಬೇಕಾಯಿತು.

ಐದನೇ ವಾರ ಎಡವಿತು. ಕಥೆಯಲ್ಲಿ ನಾಯಕನಿಗೆ ಅಪಘಾತವಾಗಿ ನೆನಪು ಹೋಯಿತು (ನಮ್ಮ ಧಾರಾವಾಹಿಗಳಲ್ಲಿ ನೆಗಡಿಯಷ್ಟೇ ಸಾಮಾನ್ಯ). ಸುಮಾ ನಾಲ್ಕು ರಾತ್ರಿ ಎರಡರವರೆಗೆ ಎದ್ದಿದ್ದಳು, ಒಂದು ದಿನ ರಜೆಯನ್ನೂ ಹಾಕಿದಳು. ಹಳೆಯ ಲೆಕ್ಕವನ್ನೇ ಮತ್ತೆ ಒಂದು ವಾರ ಬರೆಸಿ, ಮೊದಲಿನ ಕ್ರಮಕ್ಕೆ ಮರಳಿಸಲಾಯಿತು. ಎಡವಿದ ವಾರಕ್ಕೆ ಹೊಸ ನಿಯಮ ಸೇರಿಸಬಾರದು. ನಿಯಮ ಹೆಚ್ಚಿದಷ್ಟೂ ಮುರಿಯುವುದು ಸುಲಭವಾಗುತ್ತದೆ.

ಆಮೇಲಿನ ಕೆಲಸ ನಾಯಕನಲ್ಲಿ ಅವಳಿಗೆ ಹಿಡಿಸಿದ ಗುಣವನ್ನು, ನೋಡಲು ಬರುವ ಹುಡುಗನಿಗೆ ಕೇಳುವ ಪ್ರಶ್ನೆಯಾಗಿ ಇಳಿಸುವುದು. ‘ನನ್ನ ಪರ ನಿಲ್ತೀರಾ’ ಅಂತ ಕೇಳಿದರೆ ಎಲ್ಲ ಗಂಡುಗಳೂ ಹೌದು ಅನ್ನುತ್ತಾರೆ. ಆಗಿಹೋದದ್ದನ್ನು ಕೇಳಬೇಕು: “ಮನೆಯಲ್ಲಿ ಹಿರಿಯರ ಮಾತಿಗೆ ನೀವು ಕೊನೆಯ ಸಲ ಒಪ್ಪದೇ ಹೋದದ್ದು ಯಾವಾಗ? ಆಗ ಏನು ಮಾಡಿದಿರಿ?” ಉಪ್ಪಿಟ್ಟು ಕೇಸರಿಬಾತಿನ ಮಧ್ಯೆ ಸಿಗುವ ಹತ್ತು ನಿಮಿಷ ಇದಕ್ಕೆ ಸಾಲದು. ಕನಿಷ್ಠ ಮೂರು ಭೇಟಿ, ಅದರಲ್ಲೊಂದು ಹೋಟೆಲಿನಲ್ಲಿ. ಸಪ್ಲೈಯರ್ ದೋಸೆ ತರುವುದು ತಡವಾದಾಗ ಹುಡುಗನ ದನಿ ಹೇಗಿರುತ್ತದೆ ನೋಡಬೇಕು.

ಇದೇ ತೊಂದರೆಯಿರುವವರಿಗೆ: ಬೇಕೆಂದರೂ ನಿಲ್ಲಿಸಲಾಗದಿದ್ದರೆ, ಕೆಲಸ ಕೆಡುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಳಕೆಯೇ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಒಂಬತ್ತನೇ ಭೇಟಿಯ ಹೊತ್ತಿಗೆ ತುಣುಕು 15 ನಿಮಿಷಕ್ಕೆ, ಕಲ್ಪನೆ 30ಕ್ಕೆ ಇಳಿದಿತ್ತು, ನಿದ್ದೆ ಹನ್ನೊಂದೂಕಾಲಿಗೆ ಬರುತ್ತಿತ್ತು. ಧಾರಾವಾಹಿ ಇನ್ನೂ ನೋಡುತ್ತಾಳೆ. ಮೂರು ತಿಂಗಳ ನಂತರ ಬಂದ ಮೊದಲ ಸಂಬಂಧದ ಹುಡುಗ ಆ ಪ್ರಶ್ನೆಗೆ, “ನಮ್ಮಮ್ಮನ ಎದುರು ನಾನು ಯಾವತ್ತೂ ಮಾತಾಡಿಲ್ಲ” ಎಂದು ಹೆಮ್ಮೆಯಿಂದ ಹೇಳಿದನಂತೆ. ಸುಮಾ ಬೇಡ ಅಂದಳು. ಈ ಸಲ ಮನೆಯಲ್ಲಿ ಕಾರಣವನ್ನೂ ಹೇಳಿದಳು, ಅಪ್ಪ ಎದುರಿಗೇ ಕೂತಿದ್ದಾಗ. ಮುಂದಿನ ಭೇಟಿಗೆ ತಾವೂ ಬರುವುದಾಗಿ ಅಪ್ಪ ಹೇಳಿ ಕಳಿಸಿದ್ದಾರೆ.