ಜನವರಿಗೆ ಬನ್ನಿ ಎಂದ ಯೂನಿವರ್ಸಿಟಿ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

2023ರ ಮಾರ್ಚ್ ಕೊನೆಯಲ್ಲಿ ನ್ಯೂಜೆರ್ಸಿಯಿಂದ ಒಬ್ಬ ತಾಯಿ, ಮಗಳ ಕಾಲೇಜಿನ ವಿಷಯದಲ್ಲಿ ಸಲಹೆ ಕೇಳಲು ನನಗೆ ಕರೆ ಮಾಡಿದರು. "ಮೇಡಂ, ಮಗಳಿಗೆ ಬೋಸ್ಟನ್ ಯೂನಿವರ್ಸಿಟಿಲಿ ಸೀಟು ಸಿಕ್ಕಿದೆ. ಆದ್ರೆ ಮನೇಲಿ ಸೂತಕದ ಥರ ಇದೆ" ಎಂದರು.

ಮಗಳನ್ನು ಮೇಘನಾ ಎಂದು ಕರೆಯೋಣ. ಆಗ 18 ವರ್ಷ. ಆರು ವರ್ಷದವಳಿದ್ದಾಗ ಶಿವಮೊಗ್ಗದಿಂದ ಹೋದವಳು. ಅಪ್ಪ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಳಿಂದ ಕಾಯುತ್ತಿದ್ದಾರೆ. ಅಮ್ಮ ಮತ್ತು ಮಗಳದು ಎಚ್-4, ಅಂದರೆ ಎಚ್-1ಬಿ ಇದ್ದವರ ಸಂಗಾತಿ ಮತ್ತು ಮಕ್ಕಳಿಗೆ ಕೊಡುವ ವೀಸಾ. ತಮ್ಮ ಮಾತ್ರ ಅಲ್ಲೇ ಹುಟ್ಟಿದವನು, ಹಾಗಾಗಿ ಅಮೆರಿಕದ ಪ್ರಜೆ.

ಮೇಘನಾ ಅರ್ಜಿ ಹಾಕಿದ್ದು ಅರ್ಥಶಾಸ್ತ್ರ ಓದಲು, ಆರ್ಟ್ಸ್ ಅಂಡ್ ಸೈನ್ಸಸ್ ಕಾಲೇಜಿಗೆ. ಪತ್ರ ಬಂದಿದ್ದು ಅದೇ ಯೂನಿವರ್ಸಿಟಿಯ ಕಾಲೇಜ್ ಆಫ್ ಜನರಲ್ ಸ್ಟಡೀಸ್‌ನಿಂದ. ಅದೂ ಸೆಪ್ಟೆಂಬರ್‌ಗಲ್ಲ, ಮುಂದಿನ ಜನವರಿಗೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಈ ಕಾಲೇಜು ಹೊಸದೇನಲ್ಲ. 1952ರಲ್ಲಿ ಶುರುವಾಗಿದ್ದು. ಮೊದಲ ಎರಡು ವರ್ಷ ಇಲ್ಲಿ ಓದಬೇಕು. ಮಾನವಿಕ, ಸಮಾಜ ವಿಜ್ಞಾನ, ವಿಜ್ಞಾನ, ಬರವಣಿಗೆ, ಇವೇ ಮುಖ್ಯ ಪಾಠ. ಒಂದು ಗುಂಪಿನ ಮಕ್ಕಳಿಗೆಲ್ಲ ಅದೇ ಕೆಲವು ಪ್ರಾಧ್ಯಾಪಕರು ಸೇರಿ ಪಾಠ ಮಾಡುತ್ತಾರೆ, ಹಾಗಾಗಿ ಎಲ್ಲರ ಪರಿಚಯ ಬೇಗ ಆಗುತ್ತದೆ. ಜನವರಿಯಲ್ಲಿ ಸೇರಿದವರು ಮೊದಲ ಸೆಮಿಸ್ಟರ್ ಬೋಸ್ಟನ್‌ನಲ್ಲಿ ಮುಗಿಸಿ, ಬೇಸಿಗೆಯಲ್ಲಿ ಆರು ವಾರ ಲಂಡನ್‌ನಲ್ಲಿ ಓದುತ್ತಾರೆ. ಎರಡನೇ ವರ್ಷದ ಕೊನೆಗೆ ಗುಂಪಾಗಿ ಒಂದು ದೊಡ್ಡ ಸಂಶೋಧನಾ ಪ್ರಾಜೆಕ್ಟ್ ಮಾಡಿ, ಪ್ರಾಧ್ಯಾಪಕರ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆಮೇಲೆ ಅದೇ ಯೂನಿವರ್ಸಿಟಿಯ ಬೇರೆ ಕಾಲೇಜಿಗೆ ಹೋಗಿ ಮೂರನೇ, ನಾಲ್ಕನೇ ವರ್ಷ ಮುಗಿಸುವುದು. ಬೇಸಿಗೆಯಲ್ಲೂ ಓದುವುದರಿಂದ ನಾಲ್ಕು ವರ್ಷಕ್ಕೇ ಡಿಗ್ರಿ ಕೈಗೆ ಬರುತ್ತದೆ. ಆ ಡಿಗ್ರಿ ಬೋಸ್ಟನ್ ಯೂನಿವರ್ಸಿಟಿಯದೇ.

ಇಷ್ಟನ್ನೂ ತಾಯಿಗೆ ನಿಧಾನವಾಗಿ ಹೇಳಿದೆ. ಅವರ ಸಂಕಟ ಬೇರೆ ಇತ್ತು. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ಹತ್ತಿರ ಬಂದಿತ್ತು. ಪ್ರತಿ ವರ್ಷ ಇವರ ಮನೆಯಿಂದ ಪುಳಿಯೋಗರೆ ಹೋಗುತ್ತದೆ. ಈ ಸಲ ಜ್ವರ ಎಂದು ಹೇಳಿಬಿಟ್ಟಿದ್ದರು. ಊಟದ ಸಾಲಿನಲ್ಲಿ ನಿಂತ ಕೂಡಲೇ "ಮಗಳಿಗೆ ಎಲ್ಲಿ ಸಿಕ್ತು?" ಎಂಬ ಪ್ರಶ್ನೆ ಬರುತ್ತದೆ ಎಂದು ಅವರಿಗೆ ಗೊತ್ತು. ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಿಗೆ ಮಾರ್ಚ್, ಏಪ್ರಿಲ್ ಎಂದರೆ ಇದೇ. ಬೆಂಗಳೂರಿನಿಂದ ಮೇಘನಾಳ ಅತ್ತೆ ಎರಡು ಸಲ ಫೋನ್ ಮಾಡಿ ಕೇಳಿದ್ದರು, "ಇನ್ನೂ ಬಂದಿಲ್ಲ" ಎಂದೇ ಇವರು ಹೇಳಿದ್ದರು. ನ್ಯೂಯಾರ್ಕ್‌ನಲ್ಲಿರುವ ಸೋದರಮಾವನಂತೂ "ಜನರಲ್ ಸ್ಟಡೀಸ್ ಅಂದ್ರೆ ವಯಸ್ಸಾದ ಮೇಲೆ ಓದೋರಿಗೆ ಕಣಕ್ಕ" ಎಂದು ತೀರ್ಪು ಕೊಟ್ಟಿದ್ದರು. ಅವರು ಹೇಳಿದ್ದು ಕೊಲಂಬಿಯಾ ಯೂನಿವರ್ಸಿಟಿಯ ಸ್ಕೂಲ್ ಆಫ್ ಜನರಲ್ ಸ್ಟಡೀಸ್ ಬಗ್ಗೆ. 1947ರಲ್ಲಿ ಶುರುವಾದ ಆ ಕಾಲೇಜು ಓದು ನಿಲ್ಲಿಸಿ ವರ್ಷಗಳಾದ ಮೇಲೆ ಮರಳಿ ಬರುವವರಿಗಾಗಿಯೇ ಇದೆ, ಸೈನ್ಯದಿಂದ ಬಂದವರೂ ಅಲ್ಲಿ ಓದುತ್ತಾರೆ. ಅದಕ್ಕೂ ಬೋಸ್ಟನ್‌ನ ಕಾಲೇಜಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಸೋದರಮಾವನ ಆ ಒಂದು ಮಾತಿಗೆ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಮೇಘನಾಳ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಪತ್ರವನ್ನು ಪೂರ್ತಿ ಗಟ್ಟಿಯಾಗಿ ಓದು ಎಂದೆ. ಫೋನಿನಲ್ಲಿ ತೆಗೆದು ಓದತೊಡಗಿದಳು. ಜನರಲ್ ಸ್ಟಡೀಸ್ ಎಂಬ ಹೆಸರು ಬಂದ ಕಡೆ ನಿಂತಳು. ಅಲ್ಲಿಂದ ಮುಂದಕ್ಕೆ ಅವಳು ಓದೇ ಇರಲಿಲ್ಲ.

"ಅವರು ನನ್ನ ಕೇಳದೇ ಬೇರೆ ಕಡೆ ಹಾಕಿದ್ರು ಆಂಟಿ. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ."

ಆ ನೋವು ನಿಜವಾದದ್ದು. "ಅಯ್ಯೋ, ಸೀಟು ಸಿಕ್ಕಿದೆಯಲ್ಲ, ಖುಷಿ ಪಡು" ಎಂದು ಅದನ್ನು ತಳ್ಳಿಹಾಕುವುದು ತಪ್ಪು. ನಾನು ಹೇಳಿದ್ದು ಇಷ್ಟು: "ಮೇ 1ಕ್ಕೆ ನೀನು ಒಂದು ನಿರ್ಧಾರ ತಿಳಿಸಬೇಕು. ಅಷ್ಟರೊಳಗೆ ಬೇಜಾರು ಹೋಗಲೇಬೇಕು ಅಂತ ಏನೂ ಇಲ್ಲ. ಬೇಜಾರು ಇದ್ದುಕೊಂಡೇ ಸರಿಯಾದ ನಿರ್ಧಾರ ಮಾಡಬಹುದು."

ಆಮೇಲೆ ಅವಳ ಇನ್ನೊಂದು ಭಯ ಹೊರಗೆ ಬಂತು. ಸೆಪ್ಟೆಂಬರ್‌ನಲ್ಲಿ ಗೆಳತಿಯರೆಲ್ಲ ಹಾಸ್ಟೆಲ್ ರೂಮಿನ ಫೋಟೊ ಹಾಕುವಾಗ ತಾನು ಮನೆಯಲ್ಲಿ ಏನು ಮಾಡಬೇಕು? ಇಂಥ ಸೀಟು ಸಿಕ್ಕ ಮಕ್ಕಳಿಗೆ ಎಲ್ಲರೂ ಹೇಳುವುದು ಒಂದೇ: ಆ ನಾಲ್ಕು ತಿಂಗಳು ಕೆಲಸ ಮಾಡು, ಇಂಟರ್ನ್‌ಶಿಪ್ ಮಾಡು, ತಿರುಗಾಡು. ಎಚ್-4ರಲ್ಲಿರುವ ಮಗು ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಕಾಫಿ ಅಂಗಡಿಯಲ್ಲೂ ಇಲ್ಲ. ಆ ಸಲಹೆ ಕೇಳಿದಾಗಲೆಲ್ಲ ಅವಳಿಗೆ ತಾನು ಬೇರೆಯವಳು ಅನ್ನಿಸುತ್ತಿತ್ತು.

ಪಾಠದ ರೀತಿ ಇಷ್ಟವಾಯಿತಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಎಂದಳು. ಅವಳ ಹೈಸ್ಕೂಲಿನಲ್ಲಿ ಹನ್ನೆರಡು ಮಕ್ಕಳಿದ್ದ ಒಂದು ಇತಿಹಾಸದ ಕ್ಲಾಸು ಇತ್ತಂತೆ. ಅವಳು ಕೈ ಎತ್ತಿ ಮಾತಾಡಿದ್ದು ಅದೊಂದರಲ್ಲೇ. ಇದನ್ನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದೆ.

ಅಪ್ಪ ಮೊದಲು ವಿಡಿಯೊ ಕರೆಗೆ ಬರಲು ಒಪ್ಪಲಿಲ್ಲ. ಬಂದಾಗಲೂ ಮಾತು ಗಡುಸಾಗಿತ್ತು. "ಜನರಲ್ ಸ್ಟಡೀಸ್ ಅಂದ್ರೆ ನಮ್ಮೂರ ಬಿ.ಎ. ಪಾಸ್ ಕೋರ್ಸ್ ಥರ ಅಲ್ವಾ ಮೇಡಂ? ಅದಕ್ಕೆ ಇಷ್ಟು ದುಡ್ಡು ಸುರೀಬೇಕಾ? ರಟ್ಗರ್ಸ್‌ನಲ್ಲಿ ಎಕನಾಮಿಕ್ಸೇ ಸಿಕ್ಕಿದೆ."

ರಟ್ಗರ್ಸ್ ಎಂದರೆ ನ್ಯೂಜೆರ್ಸಿಯ ಸರ್ಕಾರಿ ಯೂನಿವರ್ಸಿಟಿ. ಬೋಸ್ಟನ್‌ನ ಡಿಗ್ರಿ ವಿಷಯ ವಿವರಿಸಿದೆ. ಕೇಳಿಸಿಕೊಂಡರು, ಸಮಾಧಾನ ಆದಂತೆ ಕಾಣಲಿಲ್ಲ. ಲಂಡನ್ ಎಂದ ಕೂಡಲೇ ಅವರ ಮುಖ ಬಿಗಿಯಾಗುತ್ತಿತ್ತು. ಅದನ್ನೇ ಕೇಳಿದೆ. ಎದ್ದು ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರೊಳಗಿಂದ ಮಗಳ ಪಾಸ್‌ಪೋರ್ಟ್ ತೆಗೆದು, ವೀಸಾ ಸ್ಟಾಂಪ್ ಇರುವ ಪುಟವನ್ನು ಕ್ಯಾಮರಾಕ್ಕೆ ಹಿಡಿದರು. ಅವಧಿ 2019ರಲ್ಲೇ ಮುಗಿದಿತ್ತು.

ಎಚ್ ವೀಸಾದ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಒಳಗೆ ಇರಲು ಅಪ್ರೂವಲ್ ಕಾಗದ ಸಾಕು. ಆದರೆ ಲಂಡನ್‌ಗೆ ಹೋಗಿ ಮತ್ತೆ ಒಳಗೆ ಬರಬೇಕಾದರೆ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಸ್ಟಾಂಪ್ ಬೇಕು. ಅದು ಸಿಗುವುದು ಹೊರಗಿನ ಕಾನ್ಸುಲೇಟ್‌ನಲ್ಲಿ. ಇದರ ಮೇಲೆ ಭಾರತದ ಪಾಸ್‌ಪೋರ್ಟ್‌ನವರಿಗೆ ಬ್ರಿಟನ್ ವೀಸಾವೂ ಬೇಕು.

"ಅವಳು ಅಲ್ಲೇ ಸಿಕ್ಕಿಹಾಕಿಕೊಂಡ್ರೆ ನಾನೇನು ಮಾಡ್ಲಿ? ನಮ್ಮಮ್ಮನ ನೋಡೋಕೂ ನಾವು ಇದೇ ಭಯಕ್ಕೆ ಹೋಗಿಲ್ಲ. ಮಕ್ಕಳು ಕೇಳಿದ್ರೆ ಕೆಲಸ ಜಾಸ್ತಿ ಅಂತೀನಿ."

ಮಗಳಿಗೆ ತನ್ನ ವೀಸಾ ಗೊತ್ತಿತ್ತು, ಈ ಭಯ ಗೊತ್ತಿರಲಿಲ್ಲ. ಅಪ್ಪನಿಗೆ ತನ್ನ ಸೀಟಿನ ಬಗ್ಗೆ ನಾಚಿಕೆ ಎಂದೇ ಅವಳು ತಿಳಿದಿದ್ದಳು. ಅಪ್ಪನೂ ಬಿ.ಎ. ಪಾಸ್ ಕೋರ್ಸ್ ಎಂದು ಹಂಗಿಸುತ್ತಾ ಭಯವನ್ನು ಮುಚ್ಚಿಟ್ಟಿದ್ದರು. "ಇದನ್ನ ಇವತ್ತೇ ಅವಳಿಗೆ ಹೇಳಿ. ನನ್ನೆದುರಿಗೆ ಬೇಡ, ಮನೆಯಲ್ಲಿ ನೀವಿಬ್ಬರೇ ಕೂತು ಹೇಳಿ" ಎಂದೆ. ಹೇಳಿದರು. ಮರುದಿನ ಮೇಘನಾಳೇ ನನಗೆ ಮೆಸೇಜ್ ಮಾಡಿ, ಎಲ್ಲರೂ ಒಟ್ಟಿಗೆ ಮಾತಾಡೋಣ ಎಂದಳು.

ಒಟ್ಟಿಗೆ ಕೂತಾಗ ಕೊಟ್ಟ ಸಲಹೆ ಹೀಗಿತ್ತು. ವೀಸಾ ವಿಷಯವನ್ನು ವಲಸೆ ವಕೀಲರ ಹತ್ತಿರವೇ ಕೇಳಬೇಕು. ಅದರಲ್ಲಿ ನನ್ನ ಮಾತೂ ನಡೆಯಬಾರದು, ಸೋದರಮಾವನ ಮಾತೂ ನಡೆಯಬಾರದು. ಬೋಸ್ಟನ್‌ಗೆ ಹೋಗುವುದೇ ಆದರೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಬಿಡುವಿನಲ್ಲಿ ಊರಿಗೆ ಬಂದು ಎಚ್-4 ಸ್ಟಾಂಪಿಂಗ್ ಮಾಡಿಸಿಕೊಳ್ಳಬಹುದಾ? ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿದರೆ, ಗ್ರೀನ್ ಕಾರ್ಡ್ ಸಾಲಿನಲ್ಲಿರುವ ಮನೆಯವಳು ಎಂಬ ಕಾರಣಕ್ಕೆ ತೊಂದರೆಯಾಗುತ್ತದಾ? 21 ತುಂಬಿದ ಮೇಲೆ ಎಚ್-4 ಇರುವುದಿಲ್ಲ, ಆಗ ಏನು? ಇವಿಷ್ಟನ್ನೂ ಬರೆದುಕೊಂಡು ಹೋಗಿ ಎಂದೆ.

ಕಾಲೇಜಿಗೆ ಪತ್ರ ಬರೆಯುವ ಕೆಲಸ ಮೇಘನಾಳದು. ಅಪ್ಪ ಅವಳ ಹೆಸರಲ್ಲಿ ಬರೆಯಬಾರದು ಎಂದು ಖಡಾಖಂಡಿತವಾಗಿ ಹೇಳಿದೆ. ಅರ್ಥಶಾಸ್ತ್ರಕ್ಕೆ ಹೋಗಲು ಎರಡು ವರ್ಷದಲ್ಲಿ ಯಾವ ಪೇಪರು ಮುಗಿಸಿರಬೇಕು, ಎಷ್ಟು ಅಂಕ ಬೇಕು? ಲಂಡನ್‌ಗೆ ಹೋಗಲಾಗದಿದ್ದರೆ ಬೇರೆ ದಾರಿ ಇದೆಯಾ? ಬಿಡುವಿನಲ್ಲಿ ಮನೆ ಹತ್ತಿರದ ಕೌಂಟಿ ಕಾಲೇಜಿನಲ್ಲಿ ಓದಿದ ಪೇಪರನ್ನು ಲೆಕ್ಕಕ್ಕೆ ಹಿಡಿಯುತ್ತಾರಾ? ಜನರಲ್ ಸ್ಟಡೀಸ್‌ನಲ್ಲಿ ಸ್ವಂತ ಇಷ್ಟದ ವಿಷಯಕ್ಕೆ ಮೊದಲ ಎರಡು ವರ್ಷ ಜಾಗ ಕಡಿಮೆ. ಅರ್ಥಶಾಸ್ತ್ರದವರಿಗೆ ಹೊಂದಿಸಿಕೊಳ್ಳಬಹುದು. ಎಂಜಿನಿಯರಿಂಗ್ ಥರ ಒಂದರ ಮೇಲೊಂದು ಪೇಪರು ಕಟ್ಟುತ್ತಾ ಹೋಗುವ ಓದಿಗೆ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೊನೆಗೆ ದುಡ್ಡು. ಇದನ್ನು ಮಕ್ಕಳೆದುರು ಮಾತಾಡಲು ನಮ್ಮವರು ಹಿಂಜರಿಯುತ್ತಾರೆ. ಮಾತಾಡಲೇಬೇಕು. ಬೋಸ್ಟನ್‌ನಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 60 ಸಾವಿರ ಡಾಲರ್‌ಗಿಂತ ಜಾಸ್ತಿ, ಊಟ-ವಸತಿ ಬೇರೆ. ರಟ್ಗರ್ಸ್‌ನಲ್ಲಿ ಆ ರಾಜ್ಯದವರಿಗೆ 20 ಸಾವಿರದ ಒಳಗೆ. ಆದರೆ ವೀಸಾದಲ್ಲಿರುವ ಮಗುವಿಗೆ ರಾಜ್ಯದವರ ದರವೇ ಅನ್ವಯಿಸುತ್ತದೆ ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ ಎಂದೆ. ಎಚ್-4 ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ನೆರವು, ಸಾಲ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವರೋ ಜಾಮೀನು ನಿಲ್ಲಬೇಕು. ಇವರ ಕೈಯಲ್ಲಿದ್ದದ್ದು ಬೋಸ್ಟನ್‌ಗಾದರೆ ಎರಡು ವರ್ಷಕ್ಕಾಗುವಷ್ಟು. "ವಿನೋಬನಗರದ ಸೈಟು ಮಾರ್ತೀನಿ" ಎಂದರು ಅಪ್ಪ. ಭಯ ಹೇಳಿಕೊಂಡ ಮೇಲೆ ಅವರು ಪೂರ್ತಿ ಮಗಳ ಕಡೆ ವಾಲಿದ್ದರು. ನಾನು ನೇರವಾಗಿಯೇ ಹೇಳಿದೆ: ಎರಡು ವರ್ಷದ ದುಡ್ಡು ಇಟ್ಟುಕೊಂಡು ನಾಲ್ಕು ವರ್ಷದ ಓದು ಶುರು ಮಾಡಬೇಡಿ. ಸೈಟು ಯಾವಾಗ ಮಾರಾಟವಾಗುತ್ತದೋ, ಎಷ್ಟಕ್ಕೋ, ನಿಮ್ಮ ಕೆಲಸ ಎಷ್ಟು ಗಟ್ಟಿಯೋ, ಯಾವುದೂ ನಿಮ್ಮ ಕೈಯಲ್ಲಿಲ್ಲ.

ಮೇಘನಾ ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಲೆಕ್ಕ ಹಾಕಿದಳು. ಬೋಧನಾ ಶುಲ್ಕದ ವ್ಯತ್ಯಾಸವೇ ನಾಲ್ಕು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಿತು. "ಇಷ್ಟು ಬೇಡ ಅಪ್ಪ" ಎಂದಳು. ಅವಳ ದನಿಯಲ್ಲಿ ತ್ಯಾಗ ಮಾಡಿದ ಭಾವ ಇದೆಯಾ ಎಂದು ಗಮನಿಸಿದೆ, ಯಾಕೆಂದರೆ ಅಂಥ ತ್ಯಾಗ ಎರಡು ವರ್ಷ ಬಿಟ್ಟು ಸಿಟ್ಟಾಗಿ ಹೊರಗೆ ಬರುತ್ತದೆ. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. ಅದೇ ಉತ್ತರ ಬಂತು.

ಹಾಗಾದರೆ ಆ ಹನ್ನೆರಡು ಮಕ್ಕಳ ಕ್ಲಾಸು? ರಟ್ಗರ್ಸ್ ದೊಡ್ಡದು, ಮೊದಲ ವರ್ಷದ ಅರ್ಥಶಾಸ್ತ್ರದ ಕ್ಲಾಸುಗಳಲ್ಲಿ ಮುಖ ಪರಿಚಯವೂ ಆಗುವುದಿಲ್ಲ. ಆದರೆ ಹೊಸಬರಿಗಾಗಿ ಅಲ್ಲಿ ಬರ್ನ್ ಸೆಮಿನಾರ್ ಎಂಬ ಸಣ್ಣ ಗುಂಪಿನ ತರಗತಿಗಳಿವೆ. ಒಂದೇ ಕ್ರೆಡಿಟ್, ಹಿರಿಯ ಪ್ರಾಧ್ಯಾಪಕರೇ ಪಾಠ ಮಾಡುತ್ತಾರೆ. ಅದನ್ನು ತಗೋ, ಪ್ರಾಧ್ಯಾಪಕರ ಆಫೀಸಿಗೆ ಮೊದಲ ತಿಂಗಳಲ್ಲೇ ಹೋಗಿ ಮಾತಾಡು ಎಂದು ಹೇಳಿದೆ.

ಅದೇ ವಸಂತದಲ್ಲಿ ಇನ್ನೊಂದು ಮನೆಗೆ ನಾನು ತದ್ವಿರುದ್ಧ ಸಲಹೆ ಕೊಟ್ಟೆ. ಹುಡುಗ ಅಮೆರಿಕದ ಪ್ರಜೆ, ದುಡ್ಡಿಗೆ ತೊಂದರೆ ಇರಲಿಲ್ಲ, ಏನು ಓದಬೇಕೆಂದು ಇನ್ನೂ ತೋಚಿರಲಿಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯವರು ಕೇಳಿದ ಕಾಲೇಜಿನ ಬದಲು ಲಿಬರಲ್ ಸ್ಟಡೀಸ್‌ನ ಎರಡು ವರ್ಷದ ಕೋರ್ಸಿಗೆ ಕರೆದಿದ್ದರು. ಕಣ್ಣು ಮುಚ್ಚಿ ಸೇರು ಎಂದೆ, ಸೇರಿದ.

ಮೇ 1ಕ್ಕೆ ಮೊದಲೇ ಮೇಘನಾ ಬೋಸ್ಟನ್‌ಗೆ ಬರುವುದಿಲ್ಲ ಎಂದು ತಾನೇ ಬರೆದು ಕಳಿಸಿದಳು. ಬೆಂಗಳೂರಿನ ಅತ್ತೆಗೂ ಅವಳೇ ಫೋನ್ ಮಾಡಿ, "ಬೋಸ್ಟನ್‌ನವರು ಜನವರಿಗೆ ಕರೆದಿದ್ರು ಅತ್ತೆ, ನಾನು ರಟ್ಗರ್ಸ್ ತಗೊಂಡೆ" ಎಂದಳಂತೆ. ಅಪ್ಪ ವಕೀಲರನ್ನು ನೋಡಿದ್ದಾರೆ. ಚಳಿಗಾಲದ ರಜೆಯಲ್ಲಿ ಎಲ್ಲರೂ ಶಿವಮೊಗ್ಗಕ್ಕೆ ಬಂದು, ಚೆನ್ನೈನಲ್ಲಿ ಸ್ಟಾಂಪಿಂಗ್ ಮಾಡಿಸಿಕೊಂಡು ಹೋಗುವ ಯೋಚನೆ ಇದೆ ಎಂದು ಆಗಸ್ಟ್‌ನಲ್ಲಿ ಮೇಘನಾಳ ತಾಯಿ ತಿಳಿಸಿದರು.