ಗಾಳದ ರಾಡ್ ಜಾಯಿಂಟಿಗೆ ಗುರುತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ಕು ತುಂಡಿನ ಕಾರ್ಬನ್ ರಾಡ್ ತಗೊಂಡಿದ್ದೇನೆ, ಸ್ಪಿನ್ನಿಂಗ್ ರೀಲ್ ಹಾಕಿದ್ದೇನೆ. ರಜೆಗೆ ಊರಿಗೆ ಬಂದಾಗ ಸುತ್ತಲಿನ ಕೆರೆಗಳಲ್ಲಿ ಗಾಳ ಹಾಕುತ್ತೇನೆ. ಪ್ರತಿ ಸಲ ಜೋಡಿಸುವಾಗಲೂ ದಾರ ಹಾಯುವ ರಿಂಗುಗಳು ಒಂದು ಆ ಕಡೆ, ಒಂದು ಈ ಕಡೆ. ಜಾಯಿಂಟಿನ ಹತ್ತಿರ ಚಾಕುವಿನಲ್ಲಿ ಸಣ್ಣಗೆ ಗೀಚಿ ಗುರುತು ಮಾಡಿಕೊಂಡರೆ ಸಾಕಾ?
– ಓದುಗರು, ಕುಣಿಗಲ್

ಉತ್ತರ: ಚಾಕು ಮಾತ್ರ ಬೇಡ. ಕಾರ್ಬನ್ ರಾಡಿನ ಬಲವೆಲ್ಲ ಅದರ ಎಳೆಗಳಲ್ಲಿದೆ. ಗೀಚಿ ಎಳೆ ಕಡಿದರೆ, ದೊಡ್ಡ ಕಾಟ್ಲಾ ಎಳೆದು ರಾಡ್ ಬಾಗಿದ ದಿನ ಅದು ಅಲ್ಲೇ ಮುರಿಯುತ್ತದೆ. ಗುರುತು ಬೇಕು, ಆದರೆ ಬಣ್ಣದ ಚುಕ್ಕೆ ಸಾಕು.

ರಿಂಗು ಓರೆಯಾದರೆ ಏನು ಮಹಾ ಎಂದು ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ. ದಾರ ಪ್ರತಿ ರಿಂಗಿನ ಪಕ್ಕಕ್ಕೆ ಉಜ್ಜಿಕೊಂಡೇ ಹೋಗುತ್ತದೆ, ಎಸೆದ ಗಾಳ ದೂರ ಹೋಗುವುದಿಲ್ಲ, ಮೀನು ಎಳೆದಾಗ ರಾಡ್ ತಿರುಚಿಕೊಂಡು ಆ ಭಾರವೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ಜಾಯಿಂಟ್ ಸಡಿಲವಾಗಿ, ಬೀಸಿದ ರಭಸಕ್ಕೆ ತುದಿಯ ತುಂಡೇ ಕಳಚಿ ನೀರಿಗೆ ಬೀಳುವುದೂ ಉಂಟು.

ಚುಕ್ಕೆ ಇಡುವುದು ಎರಡು ನಿಮಿಷದ ಕೆಲಸ, ಸರಿಯಾದ ಜಾಗ ಹುಡುಕುವುದೇ ಕಷ್ಟ. ಹಗಲು ಬೆಳಕಿನಲ್ಲಿ, ಆತುರವಿಲ್ಲದ ದಿನ, ರೀಲ್ ಸಮೇತ ರಾಡ್ ಪೂರ್ತಿ ಜೋಡಿಸಿ. ರೀಲ್ ಮತ್ತು ರಿಂಗುಗಳು ಕೆಳಗೆ ಬರುವ ಹಾಗೆ ಹಿಡಿದು, ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ರಾಡಿನ ಬೆನ್ನ ಮೇಲೆ ತುದಿಯವರೆಗೆ ನೋಡಿ. ಪ್ರತಿ ರಿಂಗಿನ ಅಂಚು ರಾಡಿನ ಎಡಕ್ಕೂ ಬಲಕ್ಕೂ ಸಮನಾಗಿ ಇಣುಕಬೇಕು. ಒಂದೇ ಕಡೆ ಜಾಸ್ತಿ ಕಾಣುತ್ತಿದ್ದರೆ ಆ ತುಂಡು ತಿರುಗಿದೆ ಎಂದರ್ಥ. ರೀಲ್ ಹತ್ತಿರದ ದೊಡ್ಡ ರಿಂಗಿನಿಂದ ಶುರು ಮಾಡಿ, ಒಂದೊಂದೇ ಜಾಯಿಂಟ್ ಸರಿ ಮಾಡುತ್ತಾ ತುದಿಗೆ ಹೋಗಿ. ತುದಿಯಿಂದ ಶುರು ಮಾಡಿದರೆ ಕೊನೆಗೆ ರೀಲೇ ಓರೆಯಾಗಿರುತ್ತದೆ!

ತಕ್ಷಣ ಬಣ್ಣ ಹಚ್ಚಬೇಡಿ. ಜಾಯಿಂಟಿನ ಎರಡೂ ಕಡೆ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ, ಪೆನ್ನಿನಲ್ಲಿ ನೇರಕ್ಕೆ ನೇರ ಗೆರೆ ಎಳೆಯಿರಿ. ಒಂದು ಸಂಜೆ ಹಾಗೇ ಗಾಳ ಹಾಕಿ ನೋಡಿ. ಬಿಚ್ಚಿ ಮತ್ತೆ ಜೋಡಿಸಿದಾಗಲೂ ಗೆರೆ ಕೂಡಿ ರಿಂಗೂ ಸಾಲಿಗೆ ಬಂದರೆ ಆಗ ಪೇಂಟ್ ಪೆನ್ ತೆಗೆಯಿರಿ. ನೇಲ್ ಪಾಲಿಶ್ ಆದರೂ ನಡೆಯುತ್ತದೆ. ಕಪ್ಪು ರಾಡಿಗೆ ಬಿಳಿ ಅಥವಾ ಬೆಳ್ಳಿ ಬಣ್ಣ, ಮುಸ್ಸಂಜೆಯಲ್ಲೂ ಕಾಣಬೇಕಲ್ವಾ? ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಬೆಂಕಿಕಡ್ಡಿಯ ತುದಿಯಲ್ಲಿ ಚುಕ್ಕೆ ಇಡಿ. ಕೆಟ್ಟರೆ ಹಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿಬಿಡಿ. ನೇಲ್ ಪಾಲಿಶ್ ರಿಮೂವರ್ ಹಾಕಿದರೆ ರಾಡಿನ ಮೇಲಿನ ಹೊಳಪೇ ಹೋದೀತು. ಚುಕ್ಕೆ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದೇ ಸಲ ತೆಳ್ಳಗೆ ಎಳೆದರೆ ಬೇಗ ಅಳಿಯುವುದಿಲ್ಲ.

ಒಳಗೆ ಹೋಗುವ ತುಂಡಿನಲ್ಲಿ ಚುಕ್ಕೆಯನ್ನು ಜಾಯಿಂಟಿಗೆ ತೀರಾ ಅಂಟಿಸಿ ಇಡಬೇಡಿ, ಒಂದು ಸೆಂಟಿಮೀಟರ್ ಆದರೂ ಬಿಡಿ. ಜಾಯಿಂಟ್ ಸವೆದ ಹಾಗೆ ಆ ತುಂಡು ಇನ್ನಷ್ಟು ಒಳಗೆ ಇಳಿಯುತ್ತದೆ, ಆಮೇಲೆ ಗುರುತೂ ಒಳಗೆ, ಬಣ್ಣವೂ ಒಳಗೆ. ನಿಮ್ಮದು ರೀಲ್, ರಿಂಗು ಕೆಳಗೆ ಬರುವ ಸ್ಪಿನ್ನಿಂಗ್ ರಾಡ್ ಆದ್ದರಿಂದ ಚುಕ್ಕೆ ರಿಂಗಿನ ಎದುರು ಬದಿಗೆ, ಅಂದರೆ ಬೆನ್ನ ಮೇಲಿದ್ದರೆ ಒಳ್ಳೆಯದು. ಮೀನಿಗೆ ಕಾಯುತ್ತಿರುವಾಗಲೇ ತುಂಡು ತಿರುಗಿದೆಯಾ ಎಂದು ಗೊತ್ತಾಗುತ್ತದೆ. ನಾಲ್ಕು ತುಂಡು ಎಂದರೆ ಮೂರು ಜಾಯಿಂಟ್: ಮೊದಲನೆಯದಕ್ಕೆ ಎರಡೂ ಕಡೆ ಒಂದೊಂದು ಚುಕ್ಕೆ, ಎರಡನೆಯದಕ್ಕೆ ಎರಡೆರಡು, ಮೂರನೆಯದಕ್ಕೆ ಮೂರು ಮೂರು. ಯಾವ ತುಂಡು ಯಾವುದಕ್ಕೆ ಎಂಬ ಗೊಂದಲವೂ ತಪ್ಪುತ್ತದೆ.

ಜೋಡಿಸುವಾಗ ಚುಕ್ಕೆಗಳು ಕಾಲು ಸುತ್ತು ದೂರ ಇರುವ ಹಾಗೆ ಹಿಡಿದು, ಮೆಲ್ಲಗೆ ಒತ್ತುತ್ತಾ ತಿರುಗಿಸಿ ಕೂಡಿಸಿ, ಬಿಗಿಯಾಗಿ ಕೂರುತ್ತದೆ. ಹಿತ್ತಾಳೆ ಜಾಯಿಂಟಿನ ಹಳೇ ರಾಡಾದರೆ ತಿರುಗಿಸಬೇಡಿ, ನೇರ ಒತ್ತಿ.

ಪ್ರಶ್ನೆ: ಎರಡು ತುಂಡಿನ ರಾಡ್ ಬಿಚ್ಚಲು ಬರುತ್ತಿಲ್ಲ. ಕಟಿಂಗ್ ಪ್ಲೇಯರ್ ಹಾಕಲಾ?
– ಓದುಗರು, ಶಿರಾ

ಉತ್ತರ: ಖಂಡಿತ ಬೇಡ. ಮಂಡಿಯ ಹಿಂದೆ ರಾಡ್ ಅಡ್ಡ ಹಿಡಿದು ಸ್ವಲ್ಪ ಕುಕ್ಕರಿಸಿ, ಜಾಯಿಂಟಿನ ಎರಡೂ ಕಡೆ ಕೈಗಳು ಮಂಡಿಯ ಹೊರಗೆ ತಾಗಿರಲಿ, ಈಗ ಮಂಡಿ ಅಗಲಿಸಿ. ಎಳೆತ ನೇರಕ್ಕೆ ಬೀಳುತ್ತದೆ. ರಿಂಗು ಹಿಡಿದು ತಿರುಚಿದರೆ ರಿಂಗೇ ಕಿತ್ತುಬರುತ್ತದೆ. ಮುಂದಿನ ಸಲ ಒಳ ತುದಿಗೆ ಮೇಣದಬತ್ತಿ ಸ್ವಲ್ಪ ಉಜ್ಜಿ ಜೋಡಿಸಿ.

ಪ್ರಶ್ನೆ: ಟೆಲಿಸ್ಕೋಪಿಕ್ ರಾಡಿಗೂ ಚುಕ್ಕೆ ಇಡಬಹುದಾ?
– ಓದುಗರು, ತಿಪಟೂರು

ಉತ್ತರ: ಇಟ್ಟರೂ ಉಳಿಯುವುದಿಲ್ಲ. ಮಡಿಸಿದಾಗ ಒಂದು ಕೊಳವೆ ಇನ್ನೊಂದರೊಳಗೆ ಹೋಗಿ ಬಣ್ಣ ಉಜ್ಜಿಹೋಗುತ್ತದೆ. ತುದಿಯಿಂದ ಎಳೆಯುತ್ತಾ, ರಿಂಗಿಗೆ ರಿಂಗು ನೋಡಿಕೊಂಡು ಬಿಗಿ ಮಾಡುವುದೇ ದಾರಿ. ಕೆರೆ ಹತ್ತಿರದ ತೋಟಗಳಲ್ಲಿ ಪಂಪ್‌ಸೆಟ್ ಲೈನ್ ಎಷ್ಟೋ ಕಡೆ ತಗ್ಗಿಗೆ ಜೋತುಬಿದ್ದಿರುತ್ತದೆ. ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ, ತಲೆಯೆತ್ತಿ ನೋಡಿಕೊಂಡೇ ರಾಡ್ ಉದ್ದ ಮಾಡಿ.